ಹಿಂದೆ ಹಾಡುವವರು

ಕನ್ನಡದ ಅಧ್ಯಾಪಕನಿಗೆ ಜನರು ಒಪ್ಪಿಸುವ ಕೆಲಸಗಳು ಬಹು ಬಗೆಯವು. ಮದುವೆಯ ಕರೆಯೋಲೆಯ ಕರಡು ತಿದ್ದಬೇಕು. ನಿವೃತ್ತರಾಗುವ ಹೆಡ್‌ಮಾಸ್ತರರಿಗೆ ಸನ್ಮಾನಪತ್ರ ಬರೆಯಬೇಕು. ಹುಟ್ಟಿದ ಕೂಸಿಗೆ ಯಾರೂ ಇಟ್ಟಿರದಂಥ, ಆದರೆ ಅರ್ಥವಿರುವಂಥ ಹೆಸರೊಂದನ್ನು ಹುಡುಕಿಕೊಡಬೇಕು. ಇವೆಲ್ಲ ನನಗೆ ರೂಢಿಯಾಗಿ ಹೋಗಿವೆ. ಆದರೆ ಕಳೆದ ಬೇಸಗೆಯಲ್ಲಿ ಬಂದ ಕೆಲಸ ಹೊಸದು. ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿ, “ಸರ, ನಂದೊಂದು ಆಲ್ಬಮ್ ಮಾಡ್ಲಿಕ್ಕತ್ತೀನ್ರಿ. ನಾನೊಬ್ಬನೇ ಹಾಡೂದು. ಉಚ್ಚಾರ ಹೆಂಗದ ಅಂತ ನೋಡ್ಲಿಕ್ಕ ಒಂದೀಟು ಬರ್ರಿ” ಎಂದ.

ಹುಡುಗನ ಊರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಸುಮಾರು ೩೫ ಕಿಲೋಮೀಟರು. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಆ ಹಣ್ಣಿಗೆ ಈಗ ಭೌಗೋಳಿಕ ಗುರುತಿನ ಮುದ್ರೆಯೂ ದೊರೆತಿದೆ. ಇವನ ಮನೆಯವರೂ ಬಾಳೆ ಬೆಳೆಯುವವರೇ. ಹಗಲು ತೋಟ, ವಾರದಲ್ಲಿ ಎರಡು ರಾತ್ರಿ ಭಜನೆ. ನಮ್ಮ ಸೀಮೆಯಲ್ಲಿ ಭಜನೆಯೆಂದರೆ ಮುಖ್ಯವಾಗಿ ತತ್ವಪದ. ಕಡಕೋಳದ ಮಡಿವಾಳಪ್ಪನವರ ಪದ, ಶಿಶುನಾಳ ಷರೀಫರ ಪದ, ಯಾರದೆಂದು ಹೇಳಲು ಬಾರದ ಇನ್ನೆಷ್ಟೋ ಪದ. ಏಕತಾರಿ, ದಮ್ಮಡಿ, ತಾಳ, ಒಂದು ಹಳೆಯ ಹಾರ್ಮೋನಿಯಂ. ಒಬ್ಬ ಮುಂದೆ ಹಾಡುತ್ತಾನೆ, ಉಳಿದವರು ಹಿಂದೆ ಹಾಡುತ್ತಾರೆ. ಇವನು ಹತ್ತು ವರ್ಷದವನಿದ್ದಾಗ ಹಿಂದೆ ಹಾಡಲು ಕುಳಿತವನು. ಕಾಲೇಜಿಗೆ ಬರುವ ಹೊತ್ತಿಗೆ ಮುಂದೆ ಹಾಡುವವನಾಗಿದ್ದ. ತರಗತಿಯಲ್ಲಿ ತತ್ವಪದದ ಪಾಠ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಅವನನ್ನು ಹಾಡಿಸುತ್ತಿದ್ದೆ. ನನಗೂ ವಿಶ್ರಾಂತಿ, ಹುಡುಗರಿಗೂ ಸಂತೋಷ.

ಅವನು ಕೊಟ್ಟ ವಿಳಾಸ ಸೂಪರ್ ಮಾರ್ಕೆಟ್ಟಿನದು. ಈ ಹೆಸರನ್ನು ಕೇಳಿ ಬೇರೆ ಊರಿನ ವಾಚಕರು ಗಾಜಿನ ಬಾಗಿಲಿನ ತಣ್ಣನೆಯ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳಬಾರದು. ಕಲಬುರಗಿಯಲ್ಲಿ ಅದು ಒಂದು ಅಂಗಡಿಯ ಹೆಸರಲ್ಲ, ಪೇಟೆಯ ಹೆಸರು. ಬಟ್ಟೆ, ಪಾತ್ರೆ, ಮೊಬೈಲು, ಚಪ್ಪಲಿ, ಹಣ್ಣಿನ ಬಂಡಿ, ಅವುಗಳ ನಡುವೆ ಆಟೋಗಳು. ಬೆಳಗಿನಿಂದ ರಾತ್ರಿಯವರೆಗೆ ಅಲ್ಲಿ ಹಾರನ್ನು ನಿಂತ ಒಂದು ನಿಮಿಷವನ್ನು ನಾನು ಕಂಡಿಲ್ಲ. ಇಂಥ ಕಡೆ ಧ್ವನಿಮುದ್ರಣದ ಕೋಣೆಯನ್ನು ಯಾರಾದರೂ ಮಾಡುತ್ತಾರೆಯೆ? ಮಾಡಿದ್ದಾರೆ. ಎರಡು ಮಹಡಿ ಹತ್ತಿ, ದರ್ಜಿಯ ಅಂಗಡಿ ದಾಟಿ ಒಳಗೆ ಹೋದರೆ ಹತ್ತಡಿಯ ಒಂದು ಕೋಣೆ. ಗೋಡೆಗೆಲ್ಲ ಸ್ಪಂಜಿನ ಹಲಗೆ. ಅದು ಸಾಲದ ಕಡೆ ಕೌದಿ. ಹಳ್ಳಿಯ ಅಜ್ಜಿಯರು ಹಳೆಯ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಶಬ್ದವನ್ನು ಹೀರುವುದರಲ್ಲಿ ಯಾವ ವಿದೇಶದ ಹಲಗೆಗೂ ಕಡಮೆಯಿಲ್ಲವೆಂದು ಯಂತ್ರದ ಮುಂದೆ ಕುಳಿತಿದ್ದ ತರುಣ ನನಗೆ ಹೇಳಿದ. ಅವನ ಮಾತಿನಲ್ಲಿ ನಂಬಿಕೆ ಹುಟ್ಟಿತು.

ಆದರೆ ಒಂದು ಕಷ್ಟ. ಹಾಡು ಹಿಡಿಯುವಾಗ ಪಂಖ ತಿರುಗುವಂತಿಲ್ಲ. ಅದರ ಗೊರಗೊರ ಮೈಕಿಗೆ ಕೇಳಿಸುತ್ತದೆ. ಹೊರಗೆ ೪೩ ಡಿಗ್ರಿ. ಒಳಗೆ ಕೌದಿಗಳ ನಡುವೆ ಎಷ್ಟೋ ದೇವರೇ ಬಲ್ಲ. ನಾಲ್ಕು ನಿಮಿಷ ಹಾಡುವುದು, ಹೊರಗೆ ಬಂದು ಒಂದು ಚೊಂಬು ನೀರು ಕುಡಿಯುವುದು, ಮತ್ತೆ ಒಳಗೆ ಹೋಗುವುದು. ಹಿಂದಿನವರು ಕಾವಿಯುಟ್ಟು ಮಾಡಿದ ತಪಸ್ಸನ್ನು ಈ ಹುಡುಗ ಬನಿಯನ್ ಹಾಕಿಕೊಂಡು ಮಾಡುತ್ತಿದ್ದ.

ಈಗಿನ ಧ್ವನಿಮುದ್ರಣದ ಕ್ರಮವನ್ನು ನಾನು ಅಲ್ಲಿಯೇ ಮೊದಲು ಕಂಡದ್ದು. ಎಲ್ಲರೂ ಕೂಡಿ ಕುಳಿತು ಹಾಡುವುದೂ ಬಾರಿಸುವುದೂ ಇಲ್ಲ. ಒಬ್ಬ ಬಂದು ದಮ್ಮಡಿ ಬಾರಿಸಿ ಹೋದ. ಇನ್ನೊಂದು ದಿನ ಇನ್ನೊಬ್ಬ ಹಾರ್ಮೋನಿಯಂ ನುಡಿಸಿ ಹೋದ. ಒಬ್ಬರ ಮುಖವನ್ನು ಮತ್ತೊಬ್ಬರು ಕಾಣಲಿಲ್ಲ. ಎಲ್ಲರ ಕಿವಿಯಲ್ಲೂ ಒಂದೇ ‘ಟಿಕ್ ಟಿಕ್’. ಅದೇ ತಾಳದ ಯಜಮಾನ. ಪ್ರತಿಯೊಂದು ವಾದ್ಯವೂ ಕಂಪ್ಯೂಟರಿನ ಪರದೆಯ ಮೇಲೆ ಒಂದೊಂದು ಬೇರೆ ಪಟ್ಟಿಯಾಗಿ ಉಳಿಯುತ್ತದೆ. ಕೊನೆಗೆ ಈ ಪಟ್ಟಿಗಳನ್ನು ಹದವರಿತು ಬೆರೆಸಬೇಕು. ಇದನ್ನೇ ಮಿಕ್ಸಿಂಗ್ ಎನ್ನುತ್ತಾರೆ. ಯಾವುದನ್ನು ಮುಂದೆ ತರಬೇಕು, ಯಾವುದನ್ನು ಹಿಂದೆ ಸರಿಸಬೇಕು, ಎಡಗಿವಿಗೆ ಯಾವುದು, ಬಲಗಿವಿಗೆ ಯಾವುದು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಅಡುಗೆಗೆ ಹೋಲಿಸಬಹುದೆಂದು ಮೊದಲು ತೋರಿತು. ಆದರೆ ಬೆರೆಸಿದ ಉಪ್ಪನ್ನು ತೆಗೆಯಲು ಯಾವ ಬಾಣಸಿಗನಿಗೂ ಆಗದು, ಇಲ್ಲಿ ತೆಗೆಯಬಹುದು.

ಹುಡುಗ ಒಂದು ನುಡಿಯನ್ನು ಒಂಬತ್ತು ಸಲ ಹಾಡಿದ. ತರುಣ ಮೂರನೆಯದರ ಮೊದಲ ಅರ್ಧವನ್ನೂ ಏಳನೆಯದರ ಎರಡನೆಯ ಅರ್ಧವನ್ನೂ ತೆಗೆದು ಜೋಡಿಸಿದ. ಒಂದು ಅಕ್ಷರ ಮಾತ್ರ ಒಂಬತ್ತನೆಯದರಿಂದ ಬಂದಿತು. ಇದು ನನಗೆ ಗುರುತಿನ ಕೆಲಸವೇ! ಗ್ರಂಥಸಂಪಾದಕರು ಮಾಡುವುದೂ ಇದನ್ನೇ ಅಲ್ಲವೆ? ಐದು ಓಲೆಯ ಪ್ರತಿಗಳನ್ನು ಮುಂದಿಟ್ಟುಕೊಂಡು, ಒಂದರಿಂದ ಒಂದು ಪಾಠ, ಇನ್ನೊಂದರಿಂದ ಇನ್ನೊಂದು ಪಾಠ ಆರಿಸಿ, ಶುದ್ಧವಾದ ಪದ್ಯವನ್ನು ಅಚ್ಚು ಹಾಕಿಸುತ್ತಾರೆ. ಆ ಪದ್ಯ ಹಾಗೆಯೇ ಯಾವ ಓಲೆಯಲ್ಲಿಯೂ ಇರುವುದಿಲ್ಲ. ಈ ಹುಡುಗನ ಹಾಡನ್ನು ಕೂಡ ಹಾಗೆಯೇ ಯಾರೂ ಯಾವ ಗಳಿಗೆಯಲ್ಲಿಯೂ ಹಾಡಿರಲಿಲ್ಲ. ಅದರಿಂದ ನನಗೇನೂ ಬೇಸರವಾಗಲಿಲ್ಲ. ನಮ್ಮ ಪಠ್ಯಪುಸ್ತಕಗಳನ್ನು ಓದಿಯೂ ನಾವು ಬೇಸರಪಡುವುದಿಲ್ಲವಷ್ಟೆ.

ಶ್ರುತಿಯ ವಿಷಯದಲ್ಲಿ ಮಾತ್ರ ಸ್ವಲ್ಪ ವಾದವಾಯಿತು. ತಪ್ಪಿದ ಸ್ವರವನ್ನು ಎಳೆದು ಸ್ಥಾನದಲ್ಲಿ ಕೂರಿಸುವ ಒಂದು ಉಪಾಯವಿದೆ. ಇದರ ಹುಟ್ಟು ಸ್ವಾರಸ್ಯವಾದದ್ದು. ಆಂಡಿ ಹಿಲ್ಡೆಬ್ರಾಂಡ್ ಎಂಬ ಅಮೆರಿಕದ ಎಂಜಿನಿಯರು ಮೊದಲು ದುಡಿದದ್ದು ತೈಲದ ಕಂಪೆನಿಗಳಿಗಾಗಿ. ನೆಲದೊಳಕ್ಕೆ ಶಬ್ದ ಕಳುಹಿಸಿ ಅದರ ಮರುದನಿಯಿಂದ ಎಣ್ಣೆಯ ನೆಲೆಯನ್ನು ಊಹಿಸುವ ಗಣಿತ ಅವರದು. ೧೯೯೭ರಲ್ಲಿ ಆ ಬಗೆಯ ಗಣಿತವನ್ನೇ ಹಾಡುಗಾರರ ಶ್ರುತಿಯ ಮೇಲೆ ತಿರುಗಿಸಿದರು. ತರುಣ ಅದನ್ನು ಹಚ್ಚಿದೊಡನೆ ಹುಡುಗನ ಗಾಂಧಾರ ಮೇಲೇರಿ ಕುಳಿತಿತು. “ಅದು ತಪ್ಪಲ್ಲಪ್ಪ, ನಮ್ಮ ಅಜ್ಜ ಹಂಗೇ ಹಾಡ್ತಿದ್ದ” ಎಂದು ಹುಡುಗ ಹೇಳಿದ. ಅಜ್ಜ ತುಸು ಕೆಳಗಿಟ್ಟು ಹಾಡಿದ ಸ್ವರ ಯಂತ್ರದ ಕಣ್ಣಿಗೆ ಕಂತು ಕಟ್ಟದ ಸಾಲಗಾರನಂತೆ ಕಂಡಿರಬೇಕು. ಗಾಂಧಾರವನ್ನು ಅದರ ಪಾಡಿಗೆ ಬಿಟ್ಟರು.

ಇನ್ನು ಉಚ್ಚಾರ. ನನ್ನನ್ನು ಕರೆದದ್ದೇ ಅದಕ್ಕೆ. ಅಲ್ಲಿ ತಿದ್ದುವುದು ಏನೂ ಇರಲಿಲ್ಲ. ಕಲಬುರಗಿಯ ನಾಲಗೆ ಕಲಬುರಗಿಯ ಪದವನ್ನು ಹಾಡುವಾಗ ಬೆಂಗಳೂರಿನ ಪುಸ್ತಕವನ್ನು ಕೇಳಬೇಕಾದ್ದಿಲ್ಲವೆಂದು ಹೇಳಿ ಕೈತೊಳೆದುಕೊಂಡೆ. ಆದರೆ ಹೊರಟುಹೋಗಲಿಲ್ಲ. ಏಕೆಂದರೆ ಅಷ್ಟರಲ್ಲಿ ಬೇರೊಂದು ಸಂಗತಿ ಕಿವಿಗೆ ಬಿದ್ದಿತ್ತು.

ಹುಡುಗನಿಗೆ ಉಸಿರು ಸಾಲುತ್ತಿರಲಿಲ್ಲ. ಮೂರನೆಯ ನುಡಿಗೆ ಬರುವ ಹೊತ್ತಿಗೆ ದನಿ ಒಣಗಿ, ಪದದ ಕೊನೆ ಕತ್ತರಿಸಿ ಬೀಳುತ್ತಿತ್ತು. ಸೆಕೆಯಿಂದ ಎಂದು ನಾವೆಲ್ಲ ಭಾವಿಸಿದೆವು. ರಾತ್ರಿ ಹತ್ತರ ಮೇಲೆ ಹಾಡಿಸಿ ನೋಡಿದರು, ಹಾಗೆಯೇ ಆಯಿತು. ಊರಿನಲ್ಲಿ ಬೆಳಗಿನ ಜಾವದವರೆಗೆ ಹಾಡುವ ಹುಡುಗ ಇಲ್ಲಿ ನಾಲ್ಕು ನಿಮಿಷಕ್ಕೆ ಏದುಸಿರು ಬಿಡುವುದೆಂದರೇನು? ಕಾರಣವನ್ನು ಅವನೇ ಕಂಡುಕೊಂಡ. “ಸರ, ಊರಾಗ ನಾ ಒಂದು ಸಾಲು ಹಾಡಿದ್ರ ಅವ್ರು ಅದನ್ನ ಎತ್ತಿಕೊಳ್ತಾರ್ರಿ. ಆವಾಗೇ ನಾ ಉಸರು ತಗೊಳ್ಳೂದು. ಮುಂದಿನ ಸಾಲು ನೆನಪಾಗೂದೂ ಆವಾಗೇ.”

ನಾನು ಇಷ್ಟು ವರ್ಷ ತತ್ವಪದವನ್ನು ಪಾಠ ಹೇಳಿದ್ದೇನೆ. ಅದರ ಬೆಡಗು, ಅದರ ಅಂಕಿತ, ಅದರ ಛಂದಸ್ಸು ಎಲ್ಲವನ್ನೂ ಬೋರ್ಡಿನ ಮೇಲೆ ಬರೆದಿದ್ದೇನೆ. ಹಿಂದೆ ಹಾಡುವವರು ಮುಂದಿನವನಿಗೆ ಉಸಿರು ಕೊಡುವವರೆಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಒಬ್ಬರ ದನಿಯನ್ನು ಬೇರ್ಪಡಿಸಿ ಹಿಡಿದಿಡುವ ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದು ೧೯೦೨ರಲ್ಲಿ. ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯ ಹೋಟೆಲಿನ ಕೋಣೆಯೊಂದರಲ್ಲಿ ಗೌಹರ್ ಜಾನ್ ಅವರನ್ನು ತುತ್ತೂರಿಯಂಥ ಕೊಳವೆಯ ಮುಂದೆ ಹಾಡಿಸಿದ. ಗಂಟೆಗಟ್ಟಲೆ ಹಾಡುತ್ತಿದ್ದವರು ಮೂರು ನಿಮಿಷದಲ್ಲಿ ಮುಗಿಸಬೇಕಾಯಿತು. ಹಾಡು ಮುಗಿದೊಡನೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಯಾರ ಹಾಡೆಂದು ಗುರುತು ಸಿಕ್ಕಬೇಕಲ್ಲ. ನಮ್ಮ ಪದಕಾರರು ಕೊನೆಯ ಸಾಲಿನಲ್ಲಿ ಶಿಶುನಾಳಾಧೀಶನ ಹೆಸರನ್ನು ಹೇಳುತ್ತಾರೆ, ತಮ್ಮದನ್ನು ಹೇಳುವುದಿಲ್ಲ. ತಟ್ಟೆ ಬಂದ ಮೇಲೆ ಆ ಜಾಗದಲ್ಲಿ ಹಾಡುವವರು ತಾವೇ ನಿಂತರು. ಆ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು ೧೯೩೦ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡರೆಂಬುದನ್ನು ನಮ್ಮಲ್ಲಿ ಅನೇಕರು ಮರೆತಿದ್ದಾರೆ.

ಅದಾದ ಸ್ವಲ್ಪ ವರ್ಷಗಳಲ್ಲೇ ಹುಬ್ಬಳ್ಳಿಯ ಹೆಣ್ಣುಮಗಳೊಬ್ಬರ ಮೊದಲ ತಟ್ಟೆಗಳು ಹೊರಬಂದವು. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪೆನಿ. ತಟ್ಟೆಯ ಮೇಲೆ ಅಚ್ಚಾದ ಹೆಸರು ಗಾಂಧಾರಿ. ೧೯೧೩ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರಿಗೆ ಆಗ ಇಪ್ಪತ್ತರ ಆಸುಪಾಸು. ಆ ತಟ್ಟೆಗಳನ್ನು ಇಂದು ಕೇಳಿದವರು ಬೆಚ್ಚುತ್ತಾರೆ. ಎಳೆಯ, ತೆಳುವಾದ, ಮೇಲಿನ ಸ್ಥಾಯಿಯ ದನಿ! ನಾವು ಬಲ್ಲ ಆ ಗಂಭೀರವಾದ, ಗಂಡಸರೂ ತಲೆಬಾಗುವ ಕಂಠ ಗಂಟಲಿನ ಚಿಕಿತ್ಸೆಯಾದ ಮೇಲೆ ಬಂದದ್ದು. ಮೊದಲ ತಟ್ಟೆಯ ದನಿ ಅದನ್ನು ಹಾಡಿದವರ ಬಳಿ ಉಳಿಯಲಿಲ್ಲ, ತಟ್ಟೆಯಲ್ಲಿ ಉಳಿಯಿತು.

ಆದರೆ ನನಗೆ ಸೂಪರ್ ಮಾರ್ಕೆಟ್ಟಿನ ಆ ಕೋಣೆಯಲ್ಲಿ ನೆನಪಾದದ್ದು ಆ ತಟ್ಟೆಯಲ್ಲ, ಅವರ ಕಛೇರಿ. ಗಂಗೂಬಾಯಿಯವರು ಮುಂದೆ ಕುಳಿತರೆ ಹಿಂದೆ ತಂಬೂರಿ ಹಿಡಿದು ಮಗಳು ಕೃಷ್ಣಾ. ತಾಯಿ ಸ್ವರವನ್ನು ಬಿಟ್ಟ ಕಡೆ ಮಗಳು ಎತ್ತಿಕೊಳ್ಳುವರು. ಆ ಹೊತ್ತಿನಲ್ಲಿ ತಾಯಿ ಒಂದು ಗಳಿಗೆ ಕಣ್ಣುಮುಚ್ಚಿ ಕೂರುವರು. ಹತ್ತಾರು ವರ್ಷ ಇದು ಹೀಗೆ ನಡೆಯಿತು. ಕೃಷ್ಣಾ ಹಾನಗಲ್ ಸ್ವತಃ ದೊಡ್ಡ ಹಾಡುಗಾರ್ತಿ; ಲೋಕ ಅವರನ್ನು ಹಿಂದೆ ಕುಳಿತವರೆಂದೇ ನೆನೆಯುತ್ತದೆ. ೨೦೦೪ರಲ್ಲಿ ಅವರು ತಾಯಿಗಿಂತ ಮೊದಲೇ ಹೋದರು. ತಾಯಿ ೨೦೦೬ರಲ್ಲಿ ಮತ್ತೊಮ್ಮೆ ವೇದಿಕೆಯ ಮೇಲೆ ಹಾಡಿದರು. ಆಗ ತೊಂಬತ್ತಮೂರು ವರ್ಷ. ಅಂದು ಅವರ ಕಿವಿ ಯಾವ ದನಿಯನ್ನು ಕಾದಿರಬೇಕು ಎಂದು ನಾನು ಆಗಾಗ ಯೋಚಿಸಿದ್ದುಂಟು.

ಹುಡುಗನ ಮುಂದಿದ್ದ ಮಾದರಿ ಬೇರೆ. ಮೈಸೂರಿನಲ್ಲಿ ಬೆಳೆದ, ಸೂಕ್ಷ್ಮಜೀವಿಶಾಸ್ತ್ರ ಓದಿದ ರಘು ದೀಕ್ಷಿತರ ಮೊದಲ ಆಲ್ಬಮ್ಮು ೨೦೦೮ರಲ್ಲಿ ಬಂದಿತು. ಹಿಂದಿಯ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ತಮ್ಮದೇ ಸಂಸ್ಥೆಯಿಂದ ಅದನ್ನು ಹೊರತಂದರು. ಹಿಂದಿ ಹಾಡುಗಳ ಜೊತೆಗೆ ಷರೀಫರ ಗುಡುಗುಡಿಯ ಪದವೂ ಸೋರುವ ಮಾಳಿಗೆಯ ಪದವೂ ಅದರಲ್ಲಿದ್ದುವು. ೧೮೮೯ರಲ್ಲಿ ತೀರಿಕೊಂಡ ಶಿಶುನಾಳದ ಸಂತ ಗಿಟಾರಿನ ಬೆನ್ನೇರಿ ಕನ್ನಡ ಬಾರದ ಊರುಗಳಿಗೂ ಹೋದ. ಹಿರಿಯರಲ್ಲಿ ಕೆಲವರು ಮೂಗು ಮುರಿದರು, ನಾನು ಮುರಿಯಲಿಲ್ಲ. ಈ ಹುಡುಗ ಅದನ್ನು ಮೊಬೈಲಿನಲ್ಲಿ ಸಾವಿರ ಸಲ ಕೇಳಿದ್ದಾನೆ. ಆದರೆ ಒಂದು ಮಾತನ್ನು ಅವನಿಗೆ ಹೇಳಿದೆ: ಆ ದೀಕ್ಷಿತರೂ ವೇದಿಕೆ ಹತ್ತಿದೊಡನೆ ಮಾಡುವುದೇನು? ಎದುರಿನ ಜನರನ್ನು ಹಾಡಿಸುತ್ತಾರೆ. ಕಾಲೇಜಿನ ಹುಡುಗರು ಷರೀಫರ ಸಾಲನ್ನು ಎತ್ತಿಕೊಳ್ಳುತ್ತಾರೆ. ಅಷ್ಟರಲ್ಲಿ ಅವರೂ ಉಸಿರು ತೆಗೆದುಕೊಳ್ಳುತ್ತಿರಬೇಕು.

“ಹಂಗಾದ್ರ ಊರಿನವ್ರನ್ನ ಕರಕೊಂಡು ಬರ್ಲೇನ್ರಿ?” ಎಂದ. ಪ್ರಯತ್ನ ಮಾಡಿ ನೋಡಿಯೂ ಆಯಿತು. ನಾಲ್ವರು ಹಿರಿಯರು ಮಹಡಿ ಹತ್ತಿ ಬಂದರು. ಅವರ ಕಿವಿಗೆ ‘ಟಿಕ್ ಟಿಕ್’ ಹಾಕಿದರು. ಭಜನೆಯೆಂದರೆ ನಿಧಾನವಾಗಿ ಹೊರಟು, ಕಾವೇರಿ, ಕೊನೆಗೆ ದಮ್ಮಡಿಯೂ ತಾಳವೂ ಒಂದನ್ನೊಂದು ಅಟ್ಟಿಕೊಂಡು ಓಡುವ ವಸ್ತು. ಯಂತ್ರದ ‘ಟಿಕ್’ ಮೊದಲು ಹೇಗೋ ಕೊನೆಗೂ ಹಾಗೆಯೇ. ಮೂರನೆಯ ನುಡಿಗೆ ಹಿರಿಯರು ಯಂತ್ರವನ್ನು ಹಿಂದೆ ಹಾಕಿ ಎಷ್ಟೋ ದೂರ ಹೋಗಿಬಿಟ್ಟಿದ್ದರು. ಅವರಲ್ಲೊಬ್ಬ ಹೆಡ್‌ಫೋನನ್ನು ತೆಗೆದಿಟ್ಟು, “ಇದು ಯಾಕೋ ಹುಲ್ಲು ಕಾಣದ ಎತ್ತಿನಂಗ ನಡೀತದ” ಎಂದ. ತರುಣ ನಕ್ಕುಬಿಟ್ಟ. ಕೋಣೆಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಹುಡುಗ ಬಾಳೆಯ ಗೊನೆ ಮಾರಿದ ಹಣ ತಂದಿದ್ದ. ಹಿರಿಯರು ಕೆಳಗಿಳಿದು, ಸೂಪರ್ ಮಾರ್ಕೆಟ್ಟಿನಲ್ಲಿ ಮೊಮ್ಮಕ್ಕಳಿಗೆ ಚಪ್ಪಲಿ ಕೊಂಡು ಊರಿಗೆ ಹೋದರು.

ಆಮೇಲೆ ತರುಣ ತನಗೆ ತಿಳಿದ ಪರಿಹಾರವನ್ನು ಮಾಡಿದ. ಹುಡುಗನ ದನಿಯನ್ನೇ ನಾಲ್ಕು ಸಲ ಬೇರೆ ಬೇರೆಯಾಗಿ ಹಿಡಿದು, ಎರಡನ್ನು ಎಡಕ್ಕೆ, ಎರಡನ್ನು ಬಲಕ್ಕೆ ಹಾಕಿ, ಸ್ವಲ್ಪ ಹಿಂದೆ ಸರಿಸಿ ಹಿಮ್ಮೇಳ ಮಾಡಿದ. ಮೇಲೆ ಮರುದನಿಯನ್ನು ಸಿಂಪಡಿಸಿದ. ಈ ಮರುದನಿಯ ಪೆಟ್ಟಿಗೆ ಮೋಜಿನದು. ಒಂದು ಗುಂಡಿ ಒತ್ತಿದರೆ ನೀವು ದೊಡ್ಡ ಇಗರ್ಜಿಯಲ್ಲಿ ಹಾಡುತ್ತಿದ್ದೀರಿ. ಇನ್ನೊಂದನ್ನು ಒತ್ತಿದರೆ ಬಚ್ಚಲಮನೆಯಲ್ಲಿ. ನಮ್ಮ ಕೋಟೆಯೊಳಗೆ ೧೩೬೭ರಲ್ಲಿ ಕಟ್ಟಿದ ಜಾಮಿ ಮಸೀದಿಯಿದೆ. ಅಂಗಳವನ್ನೂ ಬಿಡದೆ ಗುಮ್ಮಟಗಳಿಂದ ಮುಚ್ಚಿದ ಕಟ್ಟಡ. ಅದರ ಕಮಾನುಗಳ ನಡುವೆ ಒಂದು ಮಾತು ಆಡಿದರೆ ಅದು ಹೋಗಿ ಬರುವುದಕ್ಕೆ ಹೊತ್ತು ಹಿಡಿಯುತ್ತದೆ. ಪೆಟ್ಟಿಗೆಯಲ್ಲಿ ಅದು ಇರಲಿಲ್ಲ. ಕಮಲಾಪುರದ ಗುಡಿಯ ಕಟ್ಟೆಯೂ ಇರಲಿಲ್ಲ. ಅಲ್ಲಿ ಮರುದನಿಯೇ ಇಲ್ಲವೆನ್ನಿ; ಬಯಲು.

ಎಲ್ಲ ಬೆರೆತ ಮೇಲೆ ಕೇಳಿದೆವು. ಚೆನ್ನಾಗಿಯೇ ಇತ್ತು. ನಾಲ್ಕೂ ದನಿಗಳು ಒಂದೇ ವಯಸ್ಸಿನವು, ಒಂದೇ ಹಲ್ಲಿನವು. ಒಬ್ಬನೂ ತಡವಾಗಿ ಬರುವುದಿಲ್ಲ, ಒಬ್ಬನೂ ಕೆಮ್ಮುವುದಿಲ್ಲ. ಸಮವಸ್ತ್ರ ಹಾಕಿದ ಭಜನೆ. ಹುಡುಗ ಏನೂ ಹೇಳಲಿಲ್ಲ. ಬೆವರು ಒರೆಸಿಕೊಂಡು, “ಒಮ್ಮೆ ಊರಾಗ ಕೇಳಸ್ತೀನ್ರಿ” ಎಂದ. ತರುಣನೂ ಒಪ್ಪಿದ. ಬೆರೆಸಿದ ಹಾಡನ್ನು ಒಳ್ಳೆಯ ಸ್ಪೀಕರಿನಲ್ಲಿ ಮಾತ್ರ ಕೇಳಬಾರದಂತೆ. ಜೀಪಿನಲ್ಲಿ, ಅಗ್ಗದ ಮೊಬೈಲಿನಲ್ಲಿ, ಗದ್ದಲದಲ್ಲಿ ಕೇಳಿ ನೋಡಬೇಕಂತೆ. ಅಲ್ಲಿ ನಿಂತದ್ದು ಎಲ್ಲಿಯೂ ನಿಲ್ಲುತ್ತದೆ.

ಹೊರಡುವ ಮೊದಲು ಇನ್ನೊಂದು ಕೆಲಸವಿತ್ತು. ಹಾಡನ್ನು ಅಂತರಜಾಲದಲ್ಲಿ ಬಿಡುವುದಕ್ಕೆ ಒಂದು ಅರ್ಜಿ ತುಂಬಬೇಕು. ಹಾಡಿದವರ ಹೆಸರು, ಸಂಗೀತ ಯಾರದು, ಸಾಹಿತ್ಯ ಯಾರದು: ಮೊದಲ ಹೆಸರು, ಕೊನೆಯ ಹೆಸರು. ಒಂದು ಪದಕ್ಕೆ ಗುರುವಿನ ಅಂಕಿತವಿದೆ, ಬರೆದವರ ಹೆಸರು ಯಾರಿಗೂ ತಿಳಿಯದು. ಕಾನೂನಿನ ತೊಡಕೇನೂ ಇಲ್ಲ. ಬರೆದವರು ಹೋಗಿ ಅರವತ್ತು ವರ್ಷ ಎಂದೋ ಕಳೆದಿವೆ. ಆದರೆ ಪೆಟ್ಟಿಗೆ ಖಾಲಿ ಬಿಟ್ಟರೆ ಯಂತ್ರ ಮುಂದಕ್ಕೆ ಹೋಗಗೊಡುವುದಿಲ್ಲ. ಗುರುವಿನ ಹೆಸರನ್ನೇ ಎರಡಾಗಿ ಸೀಳಿ ಬರೆಯಿರೆಂದೆ. ಸಾಹಿತ್ಯ ಚರಿತ್ರೆಯಲ್ಲಿ ನಾವು ಇದಕ್ಕಿಂತ ದೊಡ್ಡ ಸೀಳುಗಳನ್ನು ಮಾಡಿದ್ದೇವೆ.

ಒಂದು ಭಾನುವಾರ ನಾನೂ ಕಮಲಾಪುರಕ್ಕೆ ಹೋದೆ. ದಾರಿಯುದ್ದಕ್ಕೂ ಜೀಪಿನಲ್ಲಿ ಅದೇ ಹಾಡು. ಮಹಾಗಾಂವ್ ದಾಟುವಷ್ಟರಲ್ಲಿ ಚಾಲಕನಿಗೂ ಬಾಯಿಪಾಠವಾಗಿತ್ತು. ಸಂಜೆ ಗುಡಿಯ ಕಟ್ಟೆಯ ಮೇಲೆ ಹಿರಿಯರೆಲ್ಲ ಕೂಡಿದರು. ನಡುವೆ ಒಂದು ಸಣ್ಣ ಸ್ಪೀಕರು. ಹಾಡು ಸಾಗಿತು. ಹಾರ್ಮೋನಿಯಂ ನುಡಿಸುವ ಮುದುಕ ಕಿವಿಗೆ ಕೈಯಿಟ್ಟು ಕೇಳಿ, “ಹಿಂದ ಹಾಡೋರು ಯಾರು?” ಎಂದ.

“ನಾನೇ.”

“ನಾಲ್ಕೂ ಮಂದಿ?”

“ನಾಲ್ಕೂ ನಾನೇ.”

ಮುದುಕ ಬಹಳ ಹೊತ್ತು ತಲೆಯಾಡಿಸಿದ. ಸಿಟ್ಟಿಲ್ಲ. “ಹಂಗಾದ್ರ ನಿನಗ ದಣಿವಾಗಿರ್ಬೇಕು” ಎಂದ.

ಹುಡುಗ ಅಲ್ಲಿಂದಲೇ ತರುಣನಿಗೆ ಫೋನು ಮಾಡಿದ. ಆ ನಾಲ್ಕು ಪಟ್ಟಿಗಳನ್ನು ತೆಗೆದುಬಿಡು. ಆ ಜಾಗದಲ್ಲಿ ಏಕತಾರಿ, ದಮ್ಮಡಿ ಎರಡೇ ಇರಲಿ ಎಂದ. ಆ ಕಡೆಯಿಂದ ಗಾಬರಿಯ ದನಿ. ಅಷ್ಟು ಹೊತ್ತು ಹಾಡಿಲ್ಲದಿದ್ದರೆ ಕೇಳುವವರು ಹಾಡು ಮುಗಿಯಿತೆಂದುಕೊಳ್ಳುತ್ತಾರೆ, ಇಲ್ಲವೆ ನೆಟ್‌ವರ್ಕ್ ಹೋಯಿತೆಂದುಕೊಳ್ಳುತ್ತಾರೆ! ಹುಡುಗ ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಹೊಸ ಪ್ರತಿ ಮೊಬೈಲಿಗೆ ಬಂದಿತು. ಮತ್ತೆ ಹಚ್ಚಿದರು. ಹುಡುಗನ ದನಿ ಒಂದು ಸಾಲು ಹಾಡಿ ನಿಂತಿತು. ಖಾಲಿ ಜಾಗದಲ್ಲಿ ದಮ್ಮಡಿ ಮಾತ್ರ ಸಾಗಿತು. ಯಾರೂ ಹೇಳದೆಯೇ ಕಟ್ಟೆಯ ಮೇಲಿದ್ದ ನಾಲ್ವರೂ ಸಾಲನ್ನು ಎತ್ತಿಕೊಂಡರು. ಆದರೆ ಅವರು ಮುಗಿಸುವ ಮೊದಲೇ ಸ್ಪೀಕರಿನ ಹುಡುಗ ಮುಂದಿನ ಸಾಲನ್ನು ಹಿಡಿದುಬಿಟ್ಟ.

“ಎಷ್ಟು ಬಿಟ್ಟೀ?” ಎಂದು ಮುದುಕ ಕೇಳಿದ.

“ಏಳು ಸೆಕೆಂಡು.”

“ಸಾಲೂದಿಲ್ಲ. ನನಗ ವಯಸ್ಸಾಗ್ಯಾದ. ಒಂಬತ್ತು ಮಾಡಂತ ಹೇಳು.”